ಶಾಲು ಮೊದಲು, ಕವಿತೆ ಆಮೇಲೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಯಲವಿಗಿ ಎಂಬ ನಿಲ್ದಾಣವಿದೆ. ಸವಣೂರಿಗೆ ಹೋಗುವವರೂ ಲಕ್ಷ್ಮೇಶ್ವರಕ್ಕೆ ಹೋಗುವವರೂ ಇಲ್ಲಿ ಇಳಿಯುತ್ತಾರೆ. ಇಳಿದವರು ಬಸ್ಸು ಹಿಡಿದು ಮುಂದೆ ಹೋಗುತ್ತಾರೆಯೇ ಹೊರತು ಯಲವಿಗಿಯನ್ನು ನೋಡಲೆಂದೇ ಬರುವವರು ಕಡಿಮೆ. ಆದರೆ ಈ ನಿಲ್ದಾಣದಲ್ಲಿ ನಿಂತು ಸುತ್ತಲೂ ಒಮ್ಮೆ ಕೈತೋರಿಸಿದರೆ ಸಾಕು, ಕನ್ನಡ ಕಾವ್ಯದ ಒಂದು ದೊಡ್ಡ ಭಾಗವೇ ಬೆರಳ ತುದಿಗೆ ಬರುತ್ತದೆ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುವಿನಹಾಳ ಶರೀಫ ಸಾಹೇಬರದು. ಹಿರೇಕೆರೂರಿನ ಸೀಮೆ ಸರ್ವಜ್ಞನದು ಎಂಬುದು ಜನರ ನಂಬಿಕೆ. 1909ರಲ್ಲಿ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. 1939ರಲ್ಲಿ ಚಂದ್ರಶೇಖರ ಪಾಟೀಲರು, ಅಂದರೆ ನಮ್ಮೆಲ್ಲರ ಚಂಪಾ, ಹುಟ್ಟಿದ್ದು ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ.

ಇವರೆಲ್ಲರ ಕಾಲ ಬೇರೆ, ಮತ ಬೇರೆ, ಮಾತಿನ ಧಾಟಿ ಬೇರೆ. ಆದರೆ ಒಂದು ಮಾತು ಎಲ್ಲರಿಗೂ ಹೊಂದುತ್ತದೆ. ಇವರ ಕವಿತೆಯನ್ನು ಈ ನಾಡು ಓದುವುದಕ್ಕಿಂತ ಹೆಚ್ಚಾಗಿ ಕೇಳಿದೆ. ಕೇಳುವುದನ್ನು ಬಲ್ಲ ಇಂಥ ಸೀಮೆಯಲ್ಲಿ ಇಂದು ಕವಿಗೋಷ್ಠಿ ಎಂದರೆ ಜನ ಯಾಕೆ ಹಿಂಜರಿಯುತ್ತಾರೆ? ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಇದು.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಮಂದಿ ಯಲವಿಗಿಯಲ್ಲಿ ರೈಲು ಹತ್ತಿ ಒಂದು ನಗರದ ಗ್ರಂಥಾಲಯಕ್ಕೆ ಹೋಗಿದ್ದೆವು. ಪರವೂರಿನಿಂದ ಬಂದ ಕವಿಗಳ ಕವಿತಾ ವಾಚನ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಊರಿನ ಹೆಸರು ಬೇಡ. ನಾವು ಕಂಡದ್ದು ಆ ಒಂದೂರಿನ ಕಥೆ ಮಾತ್ರ ಅಲ್ಲ. ನಮ್ಮ ಜೊತೆಗೆ ಒಬ್ಬ ಹಿರಿಯರಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಮೊಹರಂ ಬಂತೆಂದರೆ ರಿವಾಯತ್ ಪದ ಹೇಳುವವರು. ಶರೀಫರ ಪದಗಳು ಬಾಯಿಗೆ ಬಂದಷ್ಟೂ ಬರುತ್ತವೆ. ನಾವು ಅವರನ್ನು ಚಾಚಾ ಎನ್ನುತ್ತೇವೆ. ‘ಕವಿಗೋಳು ಬಂದಾರಂತ, ನಾನೂ ಬರ್ತೀನ್ರಿ’ ಎಂದು ಅವರೇ ಹೊರಟು ನಿಂತಿದ್ದರು.

ಹತ್ತು ಗಂಟೆಗೆಂದು ಹೇಳಿದ್ದ ಕಾರ್ಯಕ್ರಮ ಶುರುವಾದದ್ದು ಹನ್ನೊಂದೂ ಮುಕ್ಕಾಲಿಗೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಇನ್ನೂ ಇಬ್ಬರು ಅತಿಥಿಗಳ ಭಾಷಣ. ಬಳಿಕ ಸನ್ಮಾನ. ಬಂದ ಎಂಟು ಮಂದಿ ಕವಿಗಳಿಗೂ ಶಾಲು, ಹಾರ, ಸ್ಮರಣಿಕೆ, ಒಬ್ಬೊಬ್ಬರಿಗೂ ಫೋಟೊ. ಆಮೇಲೆ ಸ್ಥಳೀಯ ಕವಿಗಳನ್ನು ವೇದಿಕೆಗೆ ಕರೆದರು. ಒಟ್ಟು ಇಪ್ಪತ್ತೆಂಟು ಹೆಸರು. ಮೊದಲ ಕವಿತೆ ನಮ್ಮ ಕಿವಿಗೆ ಬಿದ್ದಾಗ ಗಂಟೆ ಒಂದೂಕಾಲು. ಹೊರಗಿನಿಂದ ಪಲಾವಿನ ವಾಸನೆ ಬರುತ್ತಿತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದು ನಿರೂಪಕರು ಘೋಷಿಸಿದರು. ಓದಿ ಮುಗಿಸಿದ ಅತಿಥಿ ಕವಿಗಳಲ್ಲಿ ಇಬ್ಬರು ಅಲ್ಲಿಂದಲೇ ಕಾರು ಹತ್ತಿದರು. ಕೊನೆಯ ಹೊತ್ತಿಗೆ ಸಭೆಯಲ್ಲಿ ಉಳಿದಿದ್ದವರು ತಮ್ಮ ಸರದಿಗೆ ಕಾಯುತ್ತಿದ್ದ ಕವಿಗಳು, ಅವರನ್ನು ಕರೆತಂದ ಮನೆಯವರು ಮತ್ತು ನಾವು ನಾಲ್ವರು.

ಕವಿತೆಗಳೆಲ್ಲ ಕೆಟ್ಟದಾಗಿದ್ದವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ಹೆಚ್ಚಿನವು ನಾಡು, ನುಡಿ, ತಾಯಿ, ಮಳೆ, ಭ್ರಷ್ಟಾಚಾರ ಎಂಬ ಗೊತ್ತಾದ ದಾರಿಯಲ್ಲೇ ನಡೆದವು. ಆದರೆ ಎರಡು ಕವಿತೆಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಒಂದನ್ನು ಓದಿದವಳು ಒಬ್ಬ ಎಳೆಯ ಹುಡುಗಿ. ಗುಳೆ ಹೋದ ಮನೆಯ ಬೀಗದ ಕೈಯನ್ನು ನೆರೆಮನೆಯ ಮುದುಕಿ ಕಾಯುವ ಸಂಗತಿ ಅದರಲ್ಲಿತ್ತು. ದುಃಖ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ಬೀಗದ ಕೈಯನ್ನು ಮುದುಕಿ ದಿನಕ್ಕೊಂದು ಕಡೆ ಬಚ್ಚಿಡುತ್ತಾಳೆ, ಕೊನೆಗೆ ಎಲ್ಲಿಟ್ಟೆ ಎಂಬುದನ್ನೇ ಮರೆಯುತ್ತಾಳೆ. ಅಷ್ಟೇ. ಹುಡುಗಿ ಓದಿ ಮುಗಿಸಿದಾಗ ನಮ್ಮ ಚಾಚಾ ಎದ್ದು ನಿಂತು, ‘ಯವ್ವಾ, ಅದನ್ನ ಇನ್ನೊಮ್ಮೆ ಓದವಾ’ ಎಂದರು. ಹುಡುಗಿಯ ಮುಖ ಅರಳಿತು. ಅವಳು ಹಾಳೆಯನ್ನು ಮತ್ತೆ ಎತ್ತಿಕೊಂಡಳು. ಅಷ್ಟರಲ್ಲಿ ನಿರೂಪಕರು ಧ್ವನಿವರ್ಧಕದ ಬಳಿ ಬಂದು, ‘ಸಮಯದ ಅಭಾವವಿದೆ, ದಯವಿಟ್ಟು ಸಹಕರಿಸಬೇಕು’ ಎಂದರು. ಅಷ್ಟೊಂದು ಭಾಷಣಗಳಿಗೆ ಇದ್ದ ಸಮಯ ಒಂದು ಕವಿತೆಯನ್ನು ಎರಡನೇ ಸಲ ಕೇಳಲು ಇರಲಿಲ್ಲ.

ಮರಳಿ ಬರುವಾಗ ಚಾಚಾ ಹೇಳಿದ ಮಾತು ಹೀಗಿತ್ತು: ‘ಪದ ಅಂದಮ್ಯಾಲೆ ಒಮ್ಮೆ ಕೇಳಿದ್ರ ಹೆಂಗ್ರಿ ತಿಳೀತೈತಿ? ನಾವು ಹೇಳಾಕತ್ರ ಜನ ಒಂದೊಂದು ನುಡಿ ಮೂರ್ ಮೂರ್ ಸರ್ತಿ ಹೇಳಸ್ತಾರ.’

ಕವಿಗೋಷ್ಠಿಗಳ ಬಗ್ಗೆ ಬಂದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ವಿಷಯವನ್ನು ಮುಟ್ಟಿದ್ದನ್ನು ನಾವು ಕಂಡಿಲ್ಲ. ಪುಸ್ತಕ ಹಿಡಿದವನಿಗೆ ಹಿಂದಿನ ಸಾಲಿಗೆ ಮರಳುವ ಸ್ವಾತಂತ್ರ್ಯವಿದೆ. ಕೇಳುವವನಿಗೆ ಆ ಸ್ವಾತಂತ್ರ್ಯವನ್ನು ಕವಿಯೇ ಕೊಡಬೇಕು, ಸಭೆಯೇ ಕೊಡಬೇಕು. ರಿವಾಯತ್‌ನಲ್ಲಿ ಮುಂದೆ ಹೇಳುವವನ ನುಡಿಯನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಅಲ್ಲಿ ಕೇಳುಗನೇ ಅರ್ಧ ಹಾಡುಗಾರ. ಕರ್ಬಲಾದ ಶೋಕ ಕನ್ನಡದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರಿಬ್ಬರ ಬಾಯಲ್ಲೂ ನಿಂತದ್ದು ಈ ಮರುನುಡಿಯ ಬಲದಿಂದ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರು ಮೊಹರಂ ಪದಗಳನ್ನೂ ಕಟ್ಟಿದರು, ಹುಬ್ಬಳ್ಳಿಯ ಗಿರಣಿಯನ್ನು ಕಂಡು ಅದರ ಮೇಲೂ ಪದ ಕಟ್ಟಿದರು. ಅವು ಅಚ್ಚಿಗೆ ಬರುವ ಮೊದಲು ಬಾಯಿಂದ ಬಾಯಿಗೆ ನಡೆದವು. ಮುಂದೆ ಸಿ. ಅಶ್ವತ್ಥ್ ಅವರ ಕಂಠದಲ್ಲಿ, ಟಿ.ಎಸ್. ನಾಗಾಭರಣರ 1990ರ ಚಲನಚಿತ್ರದಲ್ಲಿ ಇಡೀ ನಾಡಿಗೆ ತಲುಪಿದವು.

ಉರ್ದು ಮುಶಾಯಿರದಲ್ಲಿಯೂ ಇದೇ ಗುಟ್ಟಿದೆ. ಅಲ್ಲಿ ಕಿರಿಯರು ಮೊದಲು ಓದುತ್ತಾರೆ, ಹಿರಿಯರು ಕೊನೆಗೆ. ಹೀಗಾಗಿ ಹಿರಿಯ ಕವಿ ಕಿರಿಯನನ್ನು ಕೇಳಲೇಬೇಕು, ನಡುವೆ ಎದ್ದು ಕಾರು ಹತ್ತುವಂತಿಲ್ಲ. ಶೇರ್‌ನ ಮೊದಲ ಸಾಲನ್ನು ಕವಿ ಎರಡು ಸಲ ಹೇಳುತ್ತಾನೆ. ಸಭೆ ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡ ಮೇಲೆಯೇ ಎರಡನೇ ಸಾಲು ಬಿಡುಗಡೆಯಾಗುತ್ತದೆ. ಮೆಚ್ಚಿಗೆಯಾದರೆ ‘ಮುಕರ್ರರ್’ ಎಂಬ ಕೂಗು ಬರುತ್ತದೆ. ಇನ್ನೊಮ್ಮೆ ಎಂದು ಅರ್ಥ. ನಮ್ಮ ಚಾಚಾ ಆ ಗ್ರಂಥಾಲಯದಲ್ಲಿ ಕೇಳಿದ್ದೂ ಅದನ್ನೇ, ಕನ್ನಡದಲ್ಲಿ. ಹಾಗೆಂದು ಮುಶಾಯಿರಗಳೆಲ್ಲ ಆದರ್ಶ ಎನ್ನಲು ನಾವು ಸಿದ್ಧರಿಲ್ಲ. ರಾಗ ಎಳೆದು ಅರ್ಥದ ಬಡತನವನ್ನು ಮುಚ್ಚುವವರು ಅಲ್ಲಿಯೂ ಇದ್ದಾರೆ. ಚಪ್ಪಾಳೆಗಾಗಿ ಘೋಷಣೆಗಳನ್ನು ಶೇರ್ ಎಂದು ಮಾರುವವರೂ ಇದ್ದಾರೆ. ಆದರೆ ಕೇಳುಗನಿಗೆ ಅಲ್ಲಿ ಒಂದು ಹಕ್ಕಿದೆ. ಕನ್ನಡದ ಕವಿಗೋಷ್ಠಿ ಅದನ್ನು ಕಸಿದುಕೊಂಡಿದೆ.

ಹಿಂದೆ ಹೀಗಿರಲಿಲ್ಲ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಓದಿದರು. ಅದನ್ನು ಒಳಗೊಂಡ ‘ಗರಿ’ ಸಂಕಲನ ಹೊರಬಂದದ್ದು 1932ರಲ್ಲಿ. ಪುಸ್ತಕ ಕೈಗೆ ಬರುವ ಮೂರು ವರ್ಷ ಮೊದಲೇ ಕವಿತೆ ಕಿವಿಗೆ ಬಂದಿತ್ತು. ಬೇಂದ್ರೆಯವರ ಗೆಳೆಯರ ಗುಂಪಿನಿಂದಲೇ ಬಂದ ಸವಣೂರಿನ ಗೋಕಾಕರು 1950ರ ದಶಕದ ಹೊಸ್ತಿಲಲ್ಲಿ ಮುಂಬಯಿಯ ಕವಿಗೋಷ್ಠಿಯ ಅಧ್ಯಕ್ಷ ಪೀಠದಿಂದ ನವ್ಯ ಕಾವ್ಯದ ಮಾತೆತ್ತಿದರು. ಒಂದು ಕವಿಗೋಷ್ಠಿಯ ಅಧ್ಯಕ್ಷ ಭಾಷಣ ಒಂದು ಯುಗದ ಹೆಸರನ್ನು ಚರ್ಚೆಗೆ ತಂದಿತು. ಇಂದಿನ ಅಧ್ಯಕ್ಷ ಭಾಷಣಗಳಲ್ಲಿ ‘ಎಲ್ಲ ಕವಿತೆಗಳೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು’ ಎಂಬ ಮಾತಿನ ಹೊರತು ಏನನ್ನಾದರೂ ಕೇಳಿದ್ದು ಓದುಗರಿಗೆ ನೆನಪಿದೆಯೇ?

ಇನ್ನು ಶಾಲಿನ ವಿಷಯ. ಕಅಬ್ ಬಿನ್ ಝುಹೈರ್ ಎಂಬ ಅರಬ್ ಕವಿಯ ಪ್ರಸಂಗ ನಮ್ಮ ಅನೇಕ ಓದುಗರಿಗೆ ಗೊತ್ತು. ಮೊದಲು ಪ್ರವಾದಿ ಮುಹಮ್ಮದ್(ಸ)ರನ್ನು ಹಳಿದು ಕವಿತೆ ಕಟ್ಟಿದ್ದವನು ಆತ. ಆಮೇಲೆ ಮದೀನಕ್ಕೆ ಬಂದು ಅವರ ಎದುರಿನಲ್ಲೇ ಒಂದು ದೀರ್ಘ ಕವಿತೆ ಓದಿದ. ಆ ಕಾಲದ ವಾಡಿಕೆಯಂತೆ ಅದು ಅಗಲಿ ಹೋದ ಪ್ರೇಯಸಿಯ ನೆನಪಿನಿಂದ ಆರಂಭವಾಗುತ್ತದೆ. ಪ್ರವಾದಿಯವರು ಪೂರ್ತಿ ಕೇಳಿ ತಮ್ಮ ಮೈಮೇಲಿನ ಹೊದಿಕೆಯನ್ನು ತೆಗೆದು ಅವನಿಗೆ ಹೊದಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಇಲ್ಲಿ ಕ್ರಮವನ್ನು ಗಮನಿಸಬೇಕು. ಕವಿತೆ ಮೊದಲು, ಹೊದಿಕೆ ಆಮೇಲೆ. ನಮ್ಮಲ್ಲಿ ಶಾಲು ಮೊದಲು, ಕವಿತೆ ಆಮೇಲೆ. ಹಸಿವೆಯಾದರೆ ಕವಿತೆಯೇ ಇಲ್ಲ. ಕೇಳುವ ಮೊದಲೇ ಕೊಟ್ಟುಬಿಟ್ಟ ಗೌರವ ಕವಿತೆಗೆ ಸಂದದ್ದಲ್ಲ, ಕವಿಯ ಹುದ್ದೆಗೆ, ಜಾತಿಗೆ ಅಥವಾ ಪರಿಚಯಕ್ಕೆ ಸಂದದ್ದು.

ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದ ಎರಡನೇ ಕವಿತೆಯ ವಿಷಯಕ್ಕೆ ಬರೋಣ. ಅದನ್ನು ಓದಿದವರು ಒಬ್ಬ ಮುಸ್ಲಿಂ ಕವಿ. ನಿರೂಪಕರು ಅವರನ್ನು ‘ಭಾವೈಕ್ಯದ ಹರಿಕಾರ, ಸೌಹಾರ್ದದ ಸೇತುವೆ’ ಎಂದು ಪರಿಚಯಿಸಿದರು. ಅವರು ಓದಿದ ಕವಿತೆಯಲ್ಲಿ ಸೇತುವೆಯೂ ಇರಲಿಲ್ಲ, ಸೌಹಾರ್ದವೂ ಇರಲಿಲ್ಲ. ರಾತ್ರಿ ತಾಯಿ ತುಳಿಯುತ್ತಿದ್ದ ಹೊಲಿಗೆ ಯಂತ್ರದ ಸದ್ದು ಇತ್ತು. ಆ ಸದ್ದು ನಿಂತರೆ ಮಗುವಿಗೆ ಎಚ್ಚರವಾಗುತ್ತದೆ ಎಂಬ ಸೂಕ್ಷ್ಮವಾದ ಸಂಗತಿ ಇತ್ತು. ಓದು ಮುಗಿದ ಕೂಡಲೇ ನಿರೂಪಕರು, ‘ಇಂಥ ಸೌಹಾರ್ದದ ಕವಿತೆಗಳು ಇಂದು ನಾಡಿಗೆ ಬೇಕು’ ಎಂದರು! ಅವರ ಸದುದ್ದೇಶದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಅವರು ಕವಿತೆಯನ್ನು ಕೇಳಿರಲಿಲ್ಲ. ಕವಿಯ ಹೆಸರನ್ನು ಮಾತ್ರ ಕೇಳಿದ್ದರು.

ಮುಸ್ಲಿಂ ಕವಿಗೆ ಕನ್ನಡದ ವೇದಿಕೆಯಲ್ಲಿ ಇರುವ ಕಷ್ಟ ಇದು. ಅವನನ್ನು ಕರೆಯದೆ ಇದ್ದರೆ ಅದು ಒಂದು ನೋವು. ಕರೆದು ಸೌಹಾರ್ದದ ಕುರ್ಚಿಯಲ್ಲಿ ಕೂರಿಸಿದರೆ ಅದು ಇನ್ನೊಂದು. ಕೆ.ಎಸ್. ನಿಸಾರ್ ಅಹಮದ್ ಅವರಂಥ ಜನಪ್ರಿಯ ಕವಿಯೂ ಇದರಿಂದ ಪೂರ್ತಿ ಪಾರಾಗಲಿಲ್ಲ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬಂದ ಮೇಲೆ ಅವರ ಕವಿತೆ ಮನೆಮನೆಗೆ ಹೋಯಿತು. 2006ರಲ್ಲಿ ಶಿವಮೊಗ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2017ರಲ್ಲಿ ಮೈಸೂರು ದಸರಾ ಉದ್ಘಾಟನೆ ಅವರ ಪಾಲಿಗೆ ಬಂದವು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯನ್ನೂ ಅವರೇ ಬರೆದರು. ಜೊತೆಯಲ್ಲಿದ್ದೂ ಬೇರೆಯಾಗಿ ಉಳಿಯುವವನ ಇಕ್ಕಟ್ಟು ಅದರ ವಸ್ತು. 2020ರಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಹಾಡಿದ್ದು ನಿತ್ಯೋತ್ಸವವನ್ನು. ಈ ಇನ್ನೊಂದು ಕವಿತೆಯನ್ನು ಯಾವುದಾದರೂ ಸಾರ್ವಜನಿಕ ವೇದಿಕೆಯಲ್ಲಿ ಓದಿದ್ದನ್ನು ಕೇಳಿದ ನೆನಪು ನಮಗಿಲ್ಲ.

2023ರ ಜನವರಿ 6ರಿಂದ 8ರವರೆಗೆ ನಮ್ಮ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರಿಟ್ಟಿದ್ದರು. ಹೆಸರು ನೋಡಿ ನಮಗೂ ಹೆಮ್ಮೆಯಾಗಿತ್ತು. ಆದರೆ ಆಹ್ವಾನಿತರ ಪಟ್ಟಿಯಲ್ಲಿ ಮುಸ್ಲಿಂ ಲೇಖಕರು ತೀರಾ ವಿರಳ ಎಂಬ ಆಕ್ಷೇಪ ನಾಡಿನ ಹಲವು ಬರಹಗಾರರಿಂದ ಬಂತು. ಸಂಘಟಕರು ಅದನ್ನು ಒಪ್ಪಲಿಲ್ಲ. ಜನವರಿ 8ರಂದು ಬೆಂಗಳೂರಿನಲ್ಲಿ ಪ್ರತಿರೋಧವಾಗಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ತೀರಿಕೊಂಡ ಶರೀಫರಿಗೆ ವೇದಿಕೆಯ ಹೆಸರಿನಲ್ಲಿ ಜಾಗ ಕೊಡುವುದು ಸುಲಭ. ಬದುಕಿರುವ ಕವಿಗೆ ಧ್ವನಿವರ್ಧಕದ ಎದುರು ಜಾಗ ಕೊಡುವುದು ಕಷ್ಟ. ಇಂಥ ಜಗಳ ಕನ್ನಡಕ್ಕೆ ಹೊಸದಲ್ಲ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯ ಗೋಷ್ಠಿಗೆ ಜಾಗ ಸಿಗದೆ ಹೋದಾಗ ಅದನ್ನು ಪ್ರಶ್ನಿಸಿದವರ ಮುಂಚೂಣಿಯಲ್ಲಿ ಹತ್ತಿಮತ್ತೂರಿನ ಚಂಪಾ ಇದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. 2022ರ ಜನವರಿಯಲ್ಲಿ ತೀರಿಕೊಂಡ ಚಂಪಾ ಹಾವೇರಿಯ ಸಮ್ಮೇಳನದ ಹೊತ್ತಿಗೆ ಇದ್ದಿದ್ದರೆ ಏನೆನ್ನುತ್ತಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕವಿಗೋಷ್ಠಿಯ ಕವಿತೆಯನ್ನು ಯಾರೂ ಗಮನವಿಟ್ಟು ಕೇಳುವುದಿಲ್ಲ ಎಂಬ ಮಾತಿಗೆ ಒಂದು ಅಪವಾದವಿದೆ. 2020ರ ಜನವರಿಯಲ್ಲಿ ಆನೆಗುಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿ ಒಂದು ಕವಿತೆ ಓದಿದರು. ಪೌರತ್ವದ ದಾಖಲೆ ಕೇಳುವವರಿಗೆ ತಿರುಗಿ ಪ್ರಶ್ನೆ ಹಾಕುವ ಕವಿತೆ ಅದು. ಅದಕ್ಕಾಗಿ ಅವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಕವಿತೆಯನ್ನು ಹಂಚಿಕೊಂಡ ಪತ್ರಕರ್ತರ ಮೇಲೂ ದಾಖಲಾಯಿತು. ಫೆಬ್ರವರಿಯಲ್ಲಿ ಇಬ್ಬರೂ ನ್ಯಾಯಾಲಯಕ್ಕೆ ಹಾಜರಾಗಿ, ಬಂಧನ ಅನುಭವಿಸಿ, ಜಾಮೀನಿನ ಮೇಲೆ ಹೊರಬಂದರು. ಅಷ್ಟರಲ್ಲಿ ಆ ಕವಿತೆ ಹಲವು ಭಾಷೆಗಳಿಗೆ ಅನುವಾದವಾಗಿತ್ತು. ಕವಿತೆಯನ್ನು ಕವಿತೆಯಾಗಿ ಕೇಳುವ ಸಭೆ ಇಲ್ಲದ ಕಡೆ ಅದನ್ನು ದೂರಾಗಿ ಕೇಳುವ ಕಿವಿಗಳು ಮಾತ್ರ ಉಳಿಯುತ್ತವೆ. ಒಂದು ಕವಿತೆ ಇಷ್ಟವಾಗದಿದ್ದರೆ ಅಲ್ಲೇ ಎದ್ದು ಪ್ರಶ್ನಿಸಲಿ, ವಿಮರ್ಶೆ ಬರೆಯಲಿ, ಬೇಕಾದರೆ ಮರುಕವಿತೆ ಓದಲಿ. ಠಾಣೆ ಕಾವ್ಯ ವಿಮರ್ಶೆಯ ಜಾಗವಲ್ಲ.

ಬೇರೆಯವರ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ನೋಡಬೇಕು. ಆ ದಿನ ಸಭೆಯಲ್ಲಿ ಮುಸ್ಲಿಂ ಕೇಳುಗರೆಂದು ಎಷ್ಟು ಮಂದಿ ಇದ್ದರು? ಯಲವಿಗಿಯಿಂದ ಹೋದ ನಾವಷ್ಟೇ. ಗ್ರಂಥಾಲಯದ ಸುತ್ತಮುತ್ತಲೇ ನಮ್ಮವರ ಅಂಗಡಿಗಳಿದ್ದವು, ಒಬ್ಬರೂ ಒಳಗೆ ಬಂದಿರಲಿಲ್ಲ. ಮುಶಾಯಿರಕ್ಕೆ ರಾತ್ರಿ ಎರಡರ ತನಕ ಕೂರುವ ನಾವು ಕನ್ನಡ ಕವಿತೆಗೆ ಅರ್ಧ ತಾಸು ಕೊಡುವುದಿಲ್ಲ. ನಮ್ಮ ಮಕ್ಕಳು ಓದುವುದು ಕನ್ನಡದಲ್ಲಿ, ವ್ಯವಹಾರ ಕನ್ನಡದಲ್ಲಿ, ಚಾಚಾನ ರಿವಾಯತ್ ಕೂಡ ಕನ್ನಡದಲ್ಲಿ. ಆದರೂ ಕನ್ನಡ ಸಾಹಿತ್ಯ ಎಂದರೆ ಅದು ಬೇರೆಯವರ ಮನೆಯ ಮದುವೆ ಎಂಬಂತೆ ದೂರ ನಿಲ್ಲುತ್ತೇವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಿಹಿ ಹಂಚಿದವರಲ್ಲಿ ಎಷ್ಟು ಮಂದಿ ಆ ಕಥೆಗಳನ್ನು ಕನ್ನಡದಲ್ಲಿ ಓದಿದ್ದೆವು? ಕರೆಯಲಿಲ್ಲ ಎಂದು ದೂರುವ ಹಕ್ಕು ಕೇಳಲು ಹೋಗುವವನಿಗೆ ಹೆಚ್ಚು ಇರುತ್ತದೆ.

ಇಷ್ಟಾಗಿಯೂ ಕವಿತಾ ವಾಚನಕ್ಕೆ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದೇ ನಾವು ಹೇಳುತ್ತೇವೆ. ಮಠದ ಸಭಾಂಗಣಕ್ಕೆ ಹೋಗಲು ಕೆಲವರಿಗೆ ಸಂಕೋಚ, ದರ್ಗಾದ ಅಂಗಳಕ್ಕೆ ಬರಲು ಕೆಲವರಿಗೆ ಸಂಕೋಚ, ಪಕ್ಷದ ವೇದಿಕೆ ಇನ್ನೊಂದು ಪಕ್ಷದವರಿಗೆ ಆಗುವುದಿಲ್ಲ. ಗ್ರಂಥಾಲಯ ಎಲ್ಲರದು. ಇದು ಬರೀ ಭಾವನೆಯ ಮಾತಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲದಿಂದ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ತೆರಿಗೆಯ ಮೇಲೆ ಶೇಕಡಾ 6. ಶಾಲಿನಂಗಡಿಯವನೂ ಕಟ್ಟುತ್ತಾನೆ, ಗುಜರಿ ಅಂಗಡಿಯವನೂ ಕಟ್ಟುತ್ತಾನೆ. ಈ ಭಾಗ ಮುಂಬಯಿ ಪ್ರಾಂತದ ಆಡಳಿತಕ್ಕೆ ಹತ್ತಿರವಿದ್ದ ಕಾಲದಲ್ಲಿ, 1939ರಲ್ಲಿ, ಆ ಪ್ರಾಂತದ ಸರಕಾರ ಗ್ರಂಥಾಲಯಗಳ ಬೆಳವಣಿಗೆಗೆ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಇಸ್ಲಾಮೀ ಕಾನೂನಿನ ಹೆಸರಾಂತ ವಿದ್ವಾಂಸ ಎ.ಎ.ಎ. ಫೈಝಿ. ಸಾರ್ವಜನಿಕ ಗ್ರಂಥಾಲಯದ ಕನಸಿನಲ್ಲಿ ನಮ್ಮವರ ಪಾಲೂ ಇತ್ತು ಎಂಬುದನ್ನು ಮರೆಯಬಾರದು.

ಆದರೆ ಆ ದಿನ ಗ್ರಂಥಾಲಯ ಗ್ರಂಥಾಲಯವಾಗಿ ಕೆಲಸ ಮಾಡಲಿಲ್ಲ. ಬಾಡಿಗೆಯಿಲ್ಲದ ಸಭಾಂಗಣವಾಗಿ ಮಾತ್ರ ಕೆಲಸ ಮಾಡಿತು. ಊಟದ ಬಳಿಕ ನಾವು ಆ ಎಂಟು ಮಂದಿ ಕವಿಗಳ ಪುಸ್ತಕ ಇದೆಯೇ ಎಂದು ಕಪಾಟುಗಳಲ್ಲಿ ಹುಡುಕಿದೆವು. ಒಂದೂ ಸಿಗಲಿಲ್ಲ. ಪಕ್ಕದ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗ ಹುಡುಗಿಯರು ಧ್ವನಿವರ್ಧಕದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಕೂತಿದ್ದರು. ನಾಡಿನ ಎಳೆಯ ಓದುಗರು ಒಂದು ಗೋಡೆಯ ಆಚೆ, ನಾಡಿನ ಕವಿಗಳು ಈಚೆ. ನಡುವಿನ ಬಾಗಿಲನ್ನು ತೆರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಾಗಿಲು ತೆರೆಯಲು ದೊಡ್ಡ ಖರ್ಚೇನೂ ಬೇಡ. ಇಪ್ಪತ್ತೆಂಟು ಕವಿಗಳ ಬದಲು ನಾಲ್ಕು ಮಂದಿ ಸಾಕು. ಒಬ್ಬೊಬ್ಬರಿಗೆ ಕಾಲು ತಾಸು ಇರಲಿ. ಭಾಷಣ ಬೇಡ, ಬೇಕೇಬೇಕಾದರೆ ಕವಿತೆ ಮುಗಿದ ಮೇಲೆ ಇರಲಿ. ಕಿರಿಯರು ಮೊದಲು ಓದಲಿ, ಹಿರಿಯರು ಕಾದು ಕೇಳಲಿ. ಇನ್ನೊಮ್ಮೆ ಎಂದು ಕೇಳುವ ಹಕ್ಕು ಸಭೆಗೆ ಇರಲಿ. ಶಾಲಿನ ಹಣದಲ್ಲಿ ಬಂದ ಕವಿಗಳ ಎರಡೆರಡು ಪುಸ್ತಕ ಕೊಂಡು ಅದೇ ದಿನ ಕಪಾಟಿಗೆ ಸೇರಿಸಲಿ. ಕವಿಯನ್ನು ಕವಿ ಎಂದಷ್ಟೇ ಪರಿಚಯಿಸಲಿ. ಮತ್ತೊಂದು ಮಾತು: ನಗರಕ್ಕೆ ಬಂದ ಕವಿ ಹಳ್ಳಿಗೂ ಬರಲಿ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಅವಕ್ಕೆ ಈಗ ಅರಿವು ಕೇಂದ್ರ ಎಂಬ ಚೆಂದದ ಹೆಸರಿದೆ. ಅಲ್ಲಿ ತಿಂಗಳಿಗೊಮ್ಮೆ ಒಬ್ಬ ಕವಿ ಕೂತು ಹತ್ತು ಮಂದಿಗೆ ಓದಿದರೂ ಸಾಕು. ಆ ಹತ್ತರಲ್ಲಿ ಒಬ್ಬ ರಿವಾಯತ್ ಹೇಳುವವನಿದ್ದ ಎಂದರೆ ಕವಿಗೂ ಏನಾದರೂ ಸಿಕ್ಕೀತು.

ಅಂದು ಸಂಜೆ ಯಲವಿಗಿಯಲ್ಲಿ ಇಳಿದಾಗ ಚಾಚಾ ಮತ್ತೆ ಅದೇ ವಿಷಯ ತೆಗೆದರು. ‘ಆ ಕೀಲಿ ಕಳಕೊಂಡ ಮುದುಕೀದು, ಪುಸ್ತಕದಾಗ ಐತೇನ್ರಿ? ಇದ್ರ ಯಾರ ಕಡೆಯಿಂದರ ಓದಿಸಿ ಕೇಳ್ತಿದ್ದೆ’ ಎಂದರು. ಹುಡುಕಿ ತರುತ್ತೇವೆ ಎಂದು ನಾವು ಹೇಳಿದೆವು. ಹುಡುಗಿಯ ಹೆಸರು ಆಹ್ವಾನ ಪತ್ರಿಕೆಯಲ್ಲಿ ‘ಮತ್ತಿತರ ಸ್ಥಳೀಯ ಕವಿಗಳು’ ಎಂಬಲ್ಲಿ ಸೇರಿಹೋಗಿತ್ತು. ಸಂಘಟಕರಿಗೆ ಫೋನು ಮಾಡಿದರೆ ಅವರಿಗೂ ನೆನಪಿರಲಿಲ್ಲ. ಮುಖ್ಯ ಅತಿಥಿಗಳ ಹೆಸರನ್ನು ಮಾತ್ರ ಥಟ್ಟನೆ ಹೇಳಿದರು. ಆ ಹುಡುಗಿ ಈ ಪುಟಗಳನ್ನು ಓದುತ್ತಿದ್ದರೆ ದಯವಿಟ್ಟು ತಿಳಿಯಲಿ: ಯಲವಿಗಿಯಲ್ಲಿ ಒಬ್ಬ ಹಿರಿಯರು ಆಕೆಯ ಕವಿತೆಯನ್ನು ಎರಡನೇ ಸಲ ಕೇಳಲು ಇನ್ನೂ ಕಾಯುತ್ತಿದ್ದಾರೆ.